ಬೆನ್ನ ಹಿಂದೆ ಉಳಿದ 1,100 ಮೀಟರ್: ಸೇಂಟ್ ಕಿಟ್ಸ್ ಟೇಕಾಫ್, ಒಂದು ಪ್ರಕರಣ ಅಧ್ಯಯನ

2009ರ ಸೆಪ್ಟೆಂಬರ್ 26ರಂದು ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ದ್ವೀಪದಿಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777-200 ವಿಮಾನವೊಂದು ನೆರೆಯ ಆಂಟಿಗಾ ದ್ವೀಪಕ್ಕೆ ಹೊರಟಿತು. ಎರಡರ ನಡುವಿನ ದೂರ ಸುಮಾರು 100 ಕಿಲೋಮೀಟರ್. ವಿಮಾನ ಏರಿತು, ಇಳಿಯಿತು, ಯಾರಿಗೂ ಏನೂ ಆಗಲಿಲ್ಲ. ಇಷ್ಟಾದರೂ ಬ್ರಿಟನ್ನಿನ ವಾಯು ಅಪಘಾತ ತನಿಖಾ ಶಾಖೆ ಇದನ್ನು ಗಂಭೀರ ಘಟನೆ ಎಂದು ಪರಿಗಣಿಸಿ, 2010ರಲ್ಲಿ ಪೂರ್ಣ ಪ್ರಮಾಣದ ವರದಿಯನ್ನು ಪ್ರಕಟಿಸಿತು. ಕಾರಣ ಇಷ್ಟೆ: ವಿಮಾನ ತನ್ನ ಓಟವನ್ನು ಶುರು ಮಾಡಿದ ಜಾಗ, ಪೈಲಟ್‌ಗಳು ತಾವು ನಿಂತಿದ್ದೇವೆ ಎಂದುಕೊಂಡಿದ್ದ ಜಾಗಕ್ಕಿಂತ 695 ಮೀಟರ್ ಮುಂದಿತ್ತು.

ಟೇಕಾಫ್‌ಗೆ ರನ್‌ವೇಯ ಪೂರ್ತಿ ಉದ್ದವನ್ನು ಬಳಸಬೇಕೇ, ಸಾಕಾಗುವಷ್ಟು ಇದ್ದರೆ ನಡುವಿನಿಂದ ಹೊರಡಬಹುದೇ ಎಂಬುದು ಪೈಲಟ್‌ಗಳಲ್ಲಿ ಹಳೆಯ ಚರ್ಚೆ. ಮೂರು ವಸ್ತುಗಳು ಪೈಲಟ್‌ಗೆ ನಿರುಪಯೋಗಿ, ತಲೆಯ ಮೇಲಿನ ಎತ್ತರ, ಬೆನ್ನ ಹಿಂದಿನ ರನ್‌ವೇ, ಬಂಕಿನಲ್ಲಿ ಉಳಿದ ಇಂಧನ ಎಂಬ ಮಾತನ್ನು ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಆಮೇಲೆ ವಿಮಾನ ಸಂಸ್ಥೆಗೆ ಸೇರಿದವರು ದಿನನಿತ್ಯ ರನ್‌ವೇಯ ನಡುವಿನಿಂದಲೇ ಹೊರಡುತ್ತಾರೆ. ಎರಡಕ್ಕೂ ಸಮರ್ಥನೆ ಇದೆ. ಸೇಂಟ್ ಕಿಟ್ಸ್ ಪ್ರಕರಣವನ್ನು ನಾನು ಆರಿಸಿಕೊಂಡದ್ದು, ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ಒಂದು ಅಂಶ ಇಲ್ಲಿ ಎದ್ದು ಕಾಣುತ್ತದೆ ಎಂಬ ಕಾರಣಕ್ಕೆ.

ಮೊದಲು ನೆಲದ ಪರಿಚಯ. ರಾಬರ್ಟ್ ಎಲ್. ಬ್ರಾಡ್‌ಶಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ. ಒಂದು ತುದಿಯಿಂದ ಹೊರಟರೆ ಅದರ ಹೆಸರು 07, ಇನ್ನೊಂದು ತುದಿಯಿಂದ 25; ಈ ಅಂಕಿಗಳು ದಿಕ್ಸೂಚಿ ತೋರಿಸುವ ಡಿಗ್ರಿಯ ಹತ್ತನೆಯ ಒಂದು ಭಾಗ. ಒಟ್ಟು ಉದ್ದ ಸುಮಾರು 2,300 ಮೀಟರ್. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ತಲಾ 4,000 ಮೀಟರ್ ಇವೆ ಎಂಬುದನ್ನು ನೆನೆದರೆ, 777ರಂತಹ ದೊಡ್ಡ ವಿಮಾನಕ್ಕೆ ಇದು ಧಾರಾಳವಾದ ಜಾಗವಲ್ಲ ಎಂಬುದು ತಿಳಿಯುತ್ತದೆ. ಬೆಂಗಳೂರಿನಲ್ಲಿ ರನ್‌ವೇಗೆ ಸಮಾನಾಂತರವಾಗಿ ತುದಿಯವರೆಗೂ ಟ್ಯಾಕ್ಸಿವೇ ಹೋಗುತ್ತದೆ. ವಿಮಾನ ಅದರ ಮೇಲೆ ಸಾಗಿ, ತುದಿಯಲ್ಲಿ ತಿರುಗಿ, ರನ್‌ವೇಗೆ ಕಾಲಿಡುತ್ತದೆ. ಸೇಂಟ್ ಕಿಟ್ಸ್‌ನಲ್ಲಿ ಹಾಗಿಲ್ಲ. ವಿಮಾನಗಳು ನಿಲ್ಲುವ ಅಂಗಳದಿಂದ ಹೊರಡುವ ಆಲ್ಫಾ ಮತ್ತು ಬ್ರಾವೋ ಎಂಬ ಟ್ಯಾಕ್ಸಿವೇಗಳು ರನ್‌ವೇಯನ್ನು ನಡುವೆ ಎಲ್ಲೋ ಸಂಧಿಸುತ್ತವೆ. 07ರ ದಿಕ್ಕಿನಲ್ಲಿ ಹೊರಡುವವರಿಗೆ ಆಲ್ಫಾ ಸಂಧಿಯಿಂದ ಟೇಕಾಫ್ ಓಟಕ್ಕೆ ಸಿಗುವ ಉದ್ದ 1,915 ಮೀಟರ್, ಬ್ರಾವೋ ಸಂಧಿಯಿಂದ 1,220 ಮೀಟರ್. ಪೂರ್ತಿ ಉದ್ದವೇ ಬೇಕೆಂದರೆ ರನ್‌ವೇಗೆ ಇಳಿದು, ಹೊರಡಬೇಕಾದ ದಿಕ್ಕಿಗೆ ವಿರುದ್ಧವಾಗಿ ತುದಿಯವರೆಗೆ ಉರುಳಿ, ಅಲ್ಲಿ 180 ಡಿಗ್ರಿ ತಿರುಗಿ ನಿಲ್ಲಬೇಕು. ಇದಕ್ಕೆ ಬ್ಯಾಕ್‌ಟ್ರ್ಯಾಕ್ ಎನ್ನುತ್ತಾರೆ.

ಪೈಲಟ್‌ಗಳು ಅಂದು ಆಲ್ಫಾದಿಂದ ಹೊರಡುವ ಲೆಕ್ಕ ಹಾಕಿದರು. ಅಂದಿನ ತೂಕ, ಗಾಳಿ, ಉಷ್ಣಾಂಶಕ್ಕೆ 1,915 ಮೀಟರ್ ಸಾಕು ಎಂದು ಲೆಕ್ಕ ಹೇಳಿತು. ಈ ನಿರ್ಧಾರದಲ್ಲಿ ನಿಯಮಬಾಹಿರವಾದದ್ದು ಏನೂ ಇಲ್ಲ. ಅವರು ಬಿಟ್ಟುಕೊಟ್ಟದ್ದು ಸುಮಾರು 400 ಮೀಟರ್ ಮಾತ್ರ. ಸಂಧಿಯಿಂದ ಟೇಕಾಫ್ ಎಂದು ಕರೆಯುವ ಈ ಪದ್ಧತಿ ಪ್ರಪಂಚದ ಎಲ್ಲ ದೊಡ್ಡ ನಿಲ್ದಾಣಗಳಲ್ಲೂ ಪ್ರತಿದಿನ ನಡೆಯುತ್ತದೆ. ಆಲ್ಫಾದಿಂದ ಹೊರಟಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ವಿಮಾನ ಹೋಗಿ ನಿಂತದ್ದು ಬ್ರಾವೋದಲ್ಲಿ.

ಅಲ್ಲಿ ಆಗ ಟ್ಯಾಕ್ಸಿವೇಗಳ ಹೆಸರು ಹೇಳುವ ಒಂದು ಫಲಕವೂ ಇರಲಿಲ್ಲ. ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಇದು ಅಕ್ಷಮ್ಯ ಎಂದೇ ನನ್ನ ಅನಿಸಿಕೆ. ಮನೆ ನಂಬರಿಲ್ಲದ ಬೀದಿಯಲ್ಲಿ ಅಂಚೆಯವನು ತಡವರಿಸಿದರೆ ತಪ್ಪು ಅವನೊಬ್ಬನದೇ ಅಲ್ಲ. ಜೊತೆಗೆ, ಅಂಗಳದಿಂದ ರನ್‌ವೇಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಇಬ್ಬರೂ ಪೈಲಟ್‌ಗಳು ಮೊದಲೇ ಬಾಯಿಬಿಟ್ಟು ಮಾತಾಡಿಕೊಂಡಿರಲಿಲ್ಲ. ದೊಡ್ಡ ನಿಲ್ದಾಣದಲ್ಲಿ ಹತ್ತು ಅಡ್ಡದಾರಿಗಳಿದ್ದಾಗ ಈ ಮಾತು ತಾನಾಗಿಯೇ ಬರುತ್ತದೆ. ಎರಡೇ ಎರಡು ದಾರಿಗಳಿರುವ ಪುಟ್ಟ ಅಂಗಳದಲ್ಲಿ ಇದರಲ್ಲಿ ಮಾತಾಡುವುದೇನಿದೆ ಅನಿಸುತ್ತದೆ. ಅಲ್ಲಿಯೇ ಜಾರಿದ್ದು.

ಟವರ್‌ನಲ್ಲಿ ತರಬೇತಿಯಲ್ಲಿದ್ದ ಕಂಟ್ರೋಲರ್ ಒಬ್ಬರು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಿದ್ದರು. ಬ್ಯಾಕ್‌ಟ್ರ್ಯಾಕ್ ಬೇಕೇ ಎಂದು ಅವರು ವಿಮಾನವನ್ನು ಕೇಳಿದರು. ಬೇಡ, ಆಲ್ಫಾದಿಂದಲೇ ಹೊರಡುತ್ತೇವೆ ಎಂಬರ್ಥದ ಉತ್ತರ ಬಂತು. ಆಲ್ಫಾದಿಂದ ಟೇಕಾಫ್‌ಗೆ ಅನುಮತಿ ಸಿಕ್ಕಿತು.

ಈ ಮಾತುಕತೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಕೇಳಿದವರ ಕಣ್ಣಿಗೆ ವಿಮಾನ ಬ್ರಾವೋದಲ್ಲಿ ಕಾಣುತ್ತಿದೆ. ಅಷ್ಟು ಕಡಿಮೆ ಉದ್ದದಿಂದ 777 ಹೊರಡುವುದು ವಿಚಿತ್ರ ಎನಿಸಿದರೆ ಬ್ಯಾಕ್‌ಟ್ರ್ಯಾಕ್ ಬೇಕೇ ಎಂದು ಕೇಳುವುದು ಸಹಜ. ಆದರೆ ಅದು ಪ್ರಶ್ನೆಯ ರೂಪದಲ್ಲಿ ಬಂತು, ‘ನೀವು ಬ್ರಾವೋದಲ್ಲಿದ್ದೀರಿ’ ಎಂಬ ಹೇಳಿಕೆಯಾಗಿ ಬರಲಿಲ್ಲ. ಕೇಳಿಸಿಕೊಂಡವರಿಗೆ ತಾವು ಆಲ್ಫಾದಲ್ಲಿದ್ದೇವೆ ಎಂಬ ಖಾತ್ರಿಯಿದೆ; ಅವರ ಕಿವಿಗೆ ಈ ಪ್ರಶ್ನೆ ಒಂದು ಸೌಜನ್ಯದ ವಿಚಾರಣೆ ಮಾತ್ರ, ಹೆಚ್ಚುವರಿ 400 ಮೀಟರ್ ಬೇಕಿದ್ದರೆ ತೆಗೆದುಕೊಳ್ಳಿ ಎಂಬಂತೆ. ಉತ್ತರದಲ್ಲಿ ಆಲ್ಫಾ ಎಂಬ ಹೆಸರು ಸ್ಪಷ್ಟವಾಗಿ ಬಂದಾಗ ಟವರ್‌ನಲ್ಲಿ ಯಾರಾದರೂ ತಡೆಯಬಹುದಿತ್ತು. ತಡೆಯಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯ ಅನುಭವಿ ಪೈಲಟ್‌ಗಳು ತಮ್ಮ ಲೆಕ್ಕ ತಾವು ಹಾಕಿಕೊಂಡಿರುತ್ತಾರೆ ಎಂಬ ಭಾವನೆ, ಅದರಲ್ಲೂ ಕಲಿಯುತ್ತಿರುವವರ ಮನಸ್ಸಿನಲ್ಲಿ, ಎಷ್ಟು ಭಾರವಾದದ್ದು ಎಂದು ಊಹಿಸುವುದು ಕಷ್ಟವಲ್ಲ.

ರನ್‌ವೇಯ ಮೇಲೆ ಓಟದ ದಿಕ್ಕಿಗೆ ಮುಖಮಾಡಿ ನಿಂತಾಗ ಮುಂದಿನ ತುದಿ ಹತ್ತಿರವಾಗಿ ಕಂಡಿತು. ಕಾಕ್‌ಪಿಟ್‌ನಲ್ಲಿ ಆ ಮಾತು ಬಂತು ಕೂಡ. ಆಗ ಅವರು ಮಾಡಿದ್ದೇನು? ಬ್ರೇಕ್ ಒತ್ತಿ ಹಿಡಿದು, ಎಂಜಿನ್‌ಗಳ ಶಕ್ತಿಯನ್ನು ಒಂದು ಮಟ್ಟಕ್ಕೆ ಏರಿಸಿ, ಆಮೇಲೆ ಬ್ರೇಕ್ ಬಿಟ್ಟರು. ಗಿಡ್ಡ ರನ್‌ವೇಯಲ್ಲಿ ಮಾಡುವ ಸರಿಯಾದ ಕ್ರಮ ಇದು. ಉರುಳುತ್ತಾ ಶಕ್ತಿ ಏರಿಸಿದರೆ ಕಳೆದುಹೋಗುವ ಹತ್ತಾರು ಮೀಟರ್‌ಗಳು ಹೀಗೆ ಉಳಿಯುತ್ತವೆ. ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಕುತೂಹಲಕರವಾದ ಕ್ಷಣ ಇದೇ. ಕಣ್ಣು ಸರಿಯಾದ ಸುಳಿವನ್ನೇ ಕೊಟ್ಟಿತು; ಅನುಭವ ಆ ಸುಳಿವಿಗೆ ಒಂದು ಪರಿಹಾರವನ್ನೂ ಒದಗಿಸಿತು; ಪರಿಹಾರ ಸಿಕ್ಕಿದ ಮೇಲೆ ಪ್ರಶ್ನೆ ಕೇಳುವ ಅಗತ್ಯವೇ ಉಳಿಯಲಿಲ್ಲ. ರನ್‌ವೇ ಗಿಡ್ಡವಾಗಿ ಯಾಕೆ ಕಾಣುತ್ತಿದೆ ಎನ್ನುವುದರ ಬದಲು, ಗಿಡ್ಡ ರನ್‌ವೇಗೆ ಏನು ಮಾಡಬೇಕು ಎಂಬಲ್ಲಿಗೆ ಮನಸ್ಸು ಜಿಗಿಯಿತು. ಸೇಂಟ್ ಕಿಟ್ಸ್ ರನ್‌ವೇ ಚಿಕ್ಕದು ಎಂಬುದು ಅವರಿಗೆ ಮೊದಲೇ ಗೊತ್ತಿದ್ದ ಸಂಗತಿ. ಚಿಕ್ಕದು ಎಂದು ಗೊತ್ತಿದ್ದದ್ದು ಚಿಕ್ಕದಾಗಿ ಕಂಡಾಗ ಅನುಮಾನ ಹುಟ್ಟುವುದು ಹೇಗೆ?

ವಿಮಾನದ ಒಳಗೇ, ಪ್ರಯಾಣಿಕರ ಭಾಗದಲ್ಲಿದ್ದ ಸಂಸ್ಥೆಯ ನೆಲ ಸಿಬ್ಬಂದಿಗೆ ಜಾಗ ತಪ್ಪಿದೆ ಎಂಬುದು ಹೊಳೆದಿತ್ತು. ಆ ನಿಲ್ದಾಣ ಅವರಿಗೆ ಪರಿಚಿತ. ಆದರೆ ಮಾತನ್ನು ಕಾಕ್‌ಪಿಟ್‌ಗೆ ಮುಟ್ಟಿಸುವ ಮೊದಲೇ ಓಟ ಶುರುವಾಗಿತ್ತು.

ಕೊನೆಗೆ ವಿಮಾನದ ಚಕ್ರಗಳು ನೆಲ ಬಿಟ್ಟಾಗ ಮುಂದೆ ಉಳಿದಿದ್ದ ರನ್‌ವೇ ಸುಮಾರು 300 ಮೀಟರ್. ಆ ಹೊತ್ತಿನ ವೇಗ ಗಂಟೆಗೆ 250 ಕಿಲೋಮೀಟರ್ ಎಂದು ಇಟ್ಟುಕೊಂಡರೆ, ಅದು ನಾಲ್ಕು ಸೆಕೆಂಡಿನ ದಾರಿ. ಅಂದರೆ ವಿಮಾನ ಸುಮಾರು 900 ಮೀಟರ್ ಓಡಿ ಏರಿದೆ. ಅದು ಹಗುರವಾಗಿತ್ತು ಎಂಬುದನ್ನು ಈ ಸಂಖ್ಯೆಯೇ ಹೇಳುತ್ತದೆ. ಭರ್ತಿ ತೂಕ ಹೊತ್ತಾಗ ಇದೇ ಮಾದರಿಗೆ ಮೂರು ಕಿಲೋಮೀಟರ್ ಆಸುಪಾಸಿನ ರನ್‌ವೇ ಬೇಕು.

ಏರಿದ್ದಾಯಿತಲ್ಲ, ಇನ್ನೇನು ಎಂದು ಕೇಳುವವರು ಟೇಕಾಫ್ ಲೆಕ್ಕದ ಅರ್ಧವನ್ನಷ್ಟೇ ನೋಡುತ್ತಿದ್ದಾರೆ. ಪ್ರಯಾಣಿಕ ವಿಮಾನದ ಟೇಕಾಫ್ ಲೆಕ್ಕದಲ್ಲಿ ವಿ-ಒನ್ ಎಂಬ ಒಂದು ವೇಗ ಇರುತ್ತದೆ. ಅದಕ್ಕಿಂತ ಮೊದಲು ಎಂಜಿನ್ ಕೈಕೊಟ್ಟರೆ ಬ್ರೇಕ್ ಹಾಕಿ ರನ್‌ವೇಯ ಒಳಗೇ ನಿಲ್ಲಬಹುದು. ಅದಾದ ಮೇಲೆ ಕೈಕೊಟ್ಟರೆ ಉಳಿದ ಒಂದು ಎಂಜಿನ್‌ನಲ್ಲೇ ಏರಬಹುದು. ಉದ್ದದ ಲೆಕ್ಕ ಇರುವುದೇ ಈ ಎರಡು ಬಾಗಿಲುಗಳಲ್ಲಿ ಒಂದಾದರೂ ಯಾವ ಕ್ಷಣದಲ್ಲೂ ತೆರೆದಿರಲಿ ಎಂದು. ಆಲ್ಫಾಗಾಗಿ ಹಾಕಿದ ವಿ-ಒನ್ ಅನ್ನು ಬ್ರಾವೋದಲ್ಲಿ ಬಳಸಿದಾಗ, ನಿಲ್ಲುವ ಬಾಗಿಲು ಓಟದ ಕೊನೆಯ ಭಾಗದಲ್ಲಿ ಮುಚ್ಚಿಹೋಗಿತ್ತು. ಗಂಟೆಗೆ 230 ಕಿಲೋಮೀಟರ್ ವೇಗದಲ್ಲಿರುವ ಅಷ್ಟು ದೊಡ್ಡ ವಿಮಾನವನ್ನು 400 ಮೀಟರ್‌ನಲ್ಲಿ ನಿಲ್ಲಿಸುವ ಬ್ರೇಕ್ ಇಲ್ಲ. ಅಂದು ಎರಡೂ ಎಂಜಿನ್‌ಗಳು ಕೆಲಸ ಮಾಡಿದವು. ಹಾಗಾಗಿ ಮುಚ್ಚಿದ ಬಾಗಿಲನ್ನು ಯಾರೂ ತಟ್ಟಬೇಕಾಗಲಿಲ್ಲ.

ತನಿಖಾ ವರದಿ ಮೂರು ಕಾರಣಗಳನ್ನು ಗುರುತಿಸಿತು: ಫಲಕಗಳಿರಲಿಲ್ಲ, ಟ್ಯಾಕ್ಸಿ ದಾರಿಯ ಬಗ್ಗೆ ಮುಂಚಿತ ಮಾತುಕತೆ ಆಗಿರಲಿಲ್ಲ, ಪೈಲಟ್‌ಗಳು ಬ್ರಾವೋವನ್ನು ಆಲ್ಫಾ ಎಂದು ತಪ್ಪಾಗಿ ತಿಳಿದರು. ಮೂರೂ ಸರಿ. ಆದರೆ ಈ ಮೂರಕ್ಕೂ ಮೊದಲು ಒಂದು ಆಯ್ಕೆ ನಡೆದಿತ್ತು, ಅದು ತಪ್ಪಲ್ಲದ ಕಾರಣ ಕಾರಣಗಳ ಪಟ್ಟಿಯಲ್ಲಿ ಸೇರುವುದಿಲ್ಲ. ತುದಿಗೆ ಹೋಗುವ ಬದಲು ಸಂಧಿಯಿಂದ ಹೊರಡುವ ಆಯ್ಕೆ.

ಪೂರ್ತಿ ಉದ್ದ ಬಳಸಿ ಎನ್ನುವವರು ಸಾಮಾನ್ಯವಾಗಿ ಮೀಟರ್‌ಗಳ ಮಾತಾಡುತ್ತಾರೆ: ಹೆಚ್ಚು ಉದ್ದ, ಹೆಚ್ಚು ಭದ್ರತೆ. ಬೇಡ ಎನ್ನುವವರೂ ಮೀಟರ್‌ಗಳ ಮಾತೇ ಆಡುತ್ತಾರೆ: ಲೆಕ್ಕ ಸಾಕು ಎನ್ನುವಾಗ ಇನ್ನೂ ಯಾಕೆ? ಈ ಪ್ರಕರಣ ತೋರಿಸುವುದು ಬೇರೆ. ರನ್‌ವೇಯ ತುದಿ ಎಂಬುದು ಗುರುತು ತಪ್ಪದ ಜಾಗ. ಅದರಾಚೆ ಹೋಗಲು ದಾರಿಯೇ ಇಲ್ಲ. ಮಧ್ಯದ ಸಂಧಿಗಳು ಒಂದರಂತೆ ಇನ್ನೊಂದಿರುತ್ತವೆ. ಅವುಗಳನ್ನು ಬೇರ್ಪಡಿಸುವುದು ಒಂದು ಅಕ್ಷರ, ಒಂದು ಫಲಕ, ಒಂದು ನಕ್ಷೆ. ತುದಿಗೆ ಅಕ್ಷರವೂ ಬೇಡ. ಸೇಂಟ್ ಕಿಟ್ಸ್‌ನಲ್ಲಿ ಟವರ್ ಕೇಳಿದ ಪ್ರಶ್ನೆಗೆ ಪೈಲಟ್‌ಗಳು ಹೌದು ಎಂದಿದ್ದರೆ, ಅವರು ತಾವು ಎಲ್ಲಿದ್ದೇವೆ ಎಂಬ ತಪ್ಪು ಕಲ್ಪನೆಯನ್ನು ಇಟ್ಟುಕೊಂಡೇ, ಅದನ್ನು ತಿದ್ದಿಕೊಳ್ಳದೆಯೇ, ಸರಿಯಾದ ಜಾಗಕ್ಕೆ ತಲುಪುತ್ತಿದ್ದರು. ಬ್ರಾವೋದಿಂದ ರನ್‌ವೇಗೆ ಇಳಿದು, ಹಿಂದಕ್ಕೆ ಉರುಳಿ, ನಿಜವಾದ ಆಲ್ಫಾವನ್ನು ದಾಟಿ, ತುದಿ ಮುಟ್ಟಿ ತಿರುಗುತ್ತಿದ್ದರು. 1,100 ಮೀಟರ್ ಹಿಮ್ಮುಖ ಪಯಣ, ಒಂದು ತಿರುವು, ಎಲ್ಲ ಸೇರಿ ಮೂರ್ನಾಲ್ಕು ನಿಮಿಷ. ತಪ್ಪು ತಿಳಿದಿದ್ದರೂ ಸರಿಯಾದ ಕಡೆಗೆ ತಲುಪಿಸುವ ಕ್ರಮಗಳು ವಿಮಾನಯಾನದಲ್ಲಿ ಬಹಳ ಕಡಿಮೆ. ಇದು ಅವುಗಳಲ್ಲಿ ಒಂದು.

ಬ್ಯಾಕ್‌ಟ್ರ್ಯಾಕ್ ಪುಕ್ಕಟೆ ಸಿಗುವುದಲ್ಲ ಎಂಬುದನ್ನೂ ಹೇಳಬೇಕು. 777-200ರ ಉದ್ದ 63 ಮೀಟರ್‌ಗಿಂತ ಹೆಚ್ಚು, ರೆಕ್ಕೆಯಿಂದ ರೆಕ್ಕೆಗೆ ಸುಮಾರು 61 ಮೀಟರ್. 45 ಮೀಟರ್ ಅಗಲದ ಪಟ್ಟಿಯ ಮೇಲೆ ಅದನ್ನು ಹಿಂದುಮುಂದಾಗಿ ತಿರುಗಿಸುವುದು ನಾಜೂಕಿನ ಕೆಲಸ. ಮೂಗಿನ ಚಕ್ರ ಪೈಲಟ್‌ನ ಆಸನಕ್ಕಿಂತ ಹಿಂದಿರುವುದರಿಂದ, ತಿರುಗುವಾಗ ಆತ ಕುಳಿತ ಜಾಗ ರನ್‌ವೇಯ ಅಂಚನ್ನು ದಾಟಿ ಹುಲ್ಲಿನ ಮೇಲೆ ತೂಗುತ್ತಿರುತ್ತದೆ. ಅದಕ್ಕಾಗಿಯೇ ಇಂತಹ ರನ್‌ವೇಗಳ ತುದಿಯಲ್ಲಿ ತಿರುಗಲು ಅಗಲವಾದ ಜಾಗವನ್ನು ಕಟ್ಟುತ್ತಾರೆ. ಆ ಹೊತ್ತು ರನ್‌ವೇ ಬೇರೆಯವರಿಗೆ ಸಿಗುವುದಿಲ್ಲ. ಹಾದಿಯಲ್ಲಿ ಇನ್ನೊಂದು ವಿಮಾನ ಇಳಿಯಲು ಬರುತ್ತಿದ್ದರೆ ಟವರ್ ಒಪ್ಪುವುದೂ ಇಲ್ಲ.

ಇದೊಂದೇ ಪ್ರಕರಣದ ಮೇಲೆ ಇಷ್ಟು ಹೇಳುವುದು ಹೆಚ್ಚಾಯಿತು ಎನ್ನುವವರಿಗೆ ಮಯಾಮಿಯನ್ನು ತೋರಿಸಬಹುದು. 2015ರ ಸೆಪ್ಟೆಂಬರ್ 15ರಂದು ಕತಾರ್ ಏರ್‌ವೇಸ್‌ನ 777-300ಇಆರ್ ವಿಮಾನ ಮಯಾಮಿಯಿಂದ ದೋಹಾಕ್ಕೆ ಹೊರಟಿತ್ತು. ಅಲ್ಲಿನ 09 ರನ್‌ವೇ ಸುಮಾರು 13,000 ಅಡಿ, ಅಂದರೆ ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್. ಲೆಕ್ಕ ಹಾಕಿದ್ದು ಆ ಪೂರ್ತಿ ಉದ್ದಕ್ಕೆ. ಓಟ ಶುರುವಾದದ್ದು ಟಿ-1 ಎಂಬ ಸಂಧಿಯಿಂದ, ಅಲ್ಲಿ ಉಳಿದಿದ್ದದ್ದು ಸುಮಾರು 8,500 ಅಡಿ. ಹದಿಮೂರು ಹದಿನಾಲ್ಕು ಗಂಟೆ ಹಾರಲು ಬೇಕಾದ ಇಂಧನ ತುಂಬಿದ ವಿಮಾನ. ರನ್‌ವೇ ಮುಗಿದ ಮೇಲಿರುವ ದೀಪಗಳ ಸಾಲಿಗೆ ಅದರ ಹೊಟ್ಟೆ ಬಡಿಯಿತು. ಹಿಂಬದಿಯ ಸರಕು ಬಾಗಿಲಿನ ಹಿಂದೆ ಲೋಹದ ಹೊದಿಕೆ ಹರಿಯಿತು. ಕಾಕ್‌ಪಿಟ್‌ನಲ್ಲಿ ನಾಲ್ವರು ಪೈಲಟ್‌ಗಳಿದ್ದರು, ನಾಲ್ವರಿಗೂ ತಿಳಿಯಲಿಲ್ಲ. ಅಟ್ಲಾಂಟಿಕ್ ದಾಟಿ ದೋಹಾದಲ್ಲಿ ಇಳಿದ ಮೇಲೆ ಹಾನಿ ಕಣ್ಣಿಗೆ ಬಿತ್ತು.

ಸೇಂಟ್ ಕಿಟ್ಸ್‌ಗೂ ಮಯಾಮಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮಯಾಮಿಯಲ್ಲಿ ಫಲಕಗಳಿದ್ದವು, ನಕ್ಷೆಗಳಿದ್ದವು, ಪೂರ್ತಿ ಉದ್ದದ ಲೆಕ್ಕವೂ ಇತ್ತು. ಆದರೂ ವಿಮಾನ ನಡುವಿನಿಂದ ಹೊರಟಿತು. ಹಾಗಾಗಿ ಫಲಕ ನೆಟ್ಟರೆ ಮುಗಿಯಿತು ಎಂದು ನಾನು ನಂಬುವುದಿಲ್ಲ. ಸಂಧಿಯಿಂದ ಹೊರಡುವುದು ಎಲ್ಲರಿಗೂ ದಿನನಿತ್ಯದ ಅಭ್ಯಾಸವಾಗಿರುವಾಗ, ನಡುವಿನಲ್ಲಿ ರನ್‌ವೇಗೆ ಕಾಲಿಡುವ ದೃಶ್ಯ ಯಾರ ಕಣ್ಣಿಗೂ ಅಸಹಜವಾಗಿ ಕಾಣುವುದಿಲ್ಲ.

ಇನ್ನು ಎದುರು ವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಅದರಲ್ಲೂ ಒಂದು ವಾದವನ್ನು.

ವಿಮಾನ ಸಂಸ್ಥೆಗಳ ಪೈಲಟ್‌ಗಳು ಸಾಮಾನ್ಯವಾಗಿ ಎಂಜಿನ್‌ನ ಪೂರ್ತಿ ಶಕ್ತಿಯಲ್ಲಿ ಟೇಕಾಫ್ ಮಾಡುವುದಿಲ್ಲ. ಹೊರಗಿನ ಉಷ್ಣಾಂಶ 30 ಡಿಗ್ರಿ ಇದ್ದರೂ 50 ಇದೆ ಎಂದು ಕಂಪ್ಯೂಟರಿಗೆ ಹೇಳುತ್ತಾರೆ; ಅಷ್ಟು ಬಿಸಿಯಲ್ಲಿ ಕೊಡಬಹುದಾದಷ್ಟೇ ಶಕ್ತಿಯನ್ನು ಎಂಜಿನ್ ಕೊಡುತ್ತದೆ. ಇದು ಎಲ್ಲ ಕಡೆ ಒಪ್ಪಿತವಾದ ವಿಧಾನ. ಎಂಜಿನ್ ಸವೆತ ಕಡಿಮೆಯಾಗುತ್ತದೆ, ಆಯಸ್ಸು ಹೆಚ್ಚುತ್ತದೆ. ಎಷ್ಟು ಶಕ್ತಿ ತಗ್ಗಿಸಬಹುದು ಎಂಬುದನ್ನು ನಿರ್ಧರಿಸುವುದರಲ್ಲಿ ಮುಂದಿರುವ ರನ್‌ವೇಯ ಉದ್ದವೂ ಸೇರುತ್ತದೆ. ಉದ್ದ ಹೆಚ್ಚಿದ್ದಷ್ಟೂ ಶಕ್ತಿಯನ್ನು ಇನ್ನಷ್ಟು ತಗ್ಗಿಸಲು ಲೆಕ್ಕ ಅವಕಾಶ ಕೊಡುತ್ತದೆ. ಪರಿಣಾಮ, ನಾಲ್ಕು ಕಿಲೋಮೀಟರ್ ಸಿಕ್ಕಿತೆಂದು ತುದಿಗೆ ಹೋದ ವಿಮಾನ ಕಡಿಮೆ ಶಕ್ತಿಯಲ್ಲಿ ನಿಧಾನವಾಗಿ ಓಡಿ, ಸಿಕ್ಕಿದ ಹೆಚ್ಚುವರಿ ಉದ್ದದ ಬಹುಪಾಲನ್ನು ತಿಂದುಬಿಡುತ್ತದೆ. ಸಂಧಿಯಿಂದ ಹೆಚ್ಚು ಶಕ್ತಿಯಲ್ಲಿ ಹೊರಟ ವಿಮಾನ ಬೇಗ ಏರಿರುತ್ತದೆ. ಎರಡರಲ್ಲೂ ನಿಯಮ ಕೇಳುವ ಕನಿಷ್ಠ ಭದ್ರತೆ ಇದ್ದೇ ಇರುತ್ತದೆ. ಪೂರ್ತಿ ಉದ್ದ ಎಂದಾಕ್ಷಣ ಹೆಚ್ಚು ಭದ್ರತೆ ಎಂದು ಬಗೆಯುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಸಮಯದ ವಾದವೂ ಇದೆ, ಆದರೆ ಅದು ಹೇಳುವಷ್ಟು ಗಟ್ಟಿಯಲ್ಲ. ಸಾಲಿನಲ್ಲಿ ಎಂಟು ವಿಮಾನ ಕಾಯುತ್ತಿರುವಾಗ ಒಂದನ್ನು ಸಂಧಿಯಿಂದ ಬಿಟ್ಟರೆ ಸಾಲು ಚುರುಕಾಗುತ್ತದೆ, ನಿಜ. ಬೆಂಗಳೂರಿನಂತಹ 4,000 ಮೀಟರ್ ರನ್‌ವೇಯಲ್ಲಿ ಎ320ರಂತಹ ಮಧ್ಯಮ ಗಾತ್ರದ ವಿಮಾನವೊಂದು ಮುಂದೆ 3,000 ಮೀಟರ್ ಇಟ್ಟುಕೊಂಡು ಹೊರಟರೆ ಯಾರೂ ಆಕ್ಷೇಪಿಸಬೇಕಿಲ್ಲ. ಆದರೆ ಭಾರಿ ವಿಮಾನವೊಂದು ತುದಿಯಿಂದ ಹೊರಟು, ಅದರ ಹಿಂದೆಯೇ ಮಧ್ಯಮ ಗಾತ್ರದ್ದು ಸಂಧಿಯಿಂದ ಹೊರಡಬೇಕಾದರೆ, ಮುಂದಿನದರ ರೆಕ್ಕೆಯಿಂದ ಹೊರಟ ಸುಳಿಗಾಳಿ ಇಳಿಯಲೆಂದು ಅಂತರರಾಷ್ಟ್ರೀಯ ನಿಯಮ ಎರಡರ ಬದಲು ಮೂರು ನಿಮಿಷ ಕಾಯಿಸುತ್ತದೆ. ಉಳಿಸಲು ಹೋದ ಸಮಯ ಅಲ್ಲಿಯೇ ಕರಗುತ್ತದೆ. ಸೇಂಟ್ ಕಿಟ್ಸ್‌ನಂತಹ ಕಡೆ ಸಾಲು ಎಂಬುದೇ ಅಪರೂಪ.

ತುದಿಗೆ ಹೋದರೂ ಎಡವಟ್ಟಾಗುವುದುಂಟು ಎಂಬುದಕ್ಕೆ 2006ರ ಆಗಸ್ಟ್ 27ರ ಕಾಮ್‌ಏರ್ 5191 ಸಾಕ್ಷಿ. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ನಸುಕಿನ ಕತ್ತಲಲ್ಲಿ ಹೊರಟ ಆ ವಿಮಾನ ಒಂದು ರನ್‌ವೇಯ ತುದಿಯಲ್ಲೇ ನಿಂತಿತ್ತು. ಆದರೆ 7,003 ಅಡಿಯ 22 ರನ್‌ವೇ ಬದಲು 3,500 ಅಡಿಯ 26 ರನ್‌ವೇಯ ತುದಿ ಅದು. 50 ಜನರಲ್ಲಿ 49 ಮಂದಿ ಸತ್ತರು. ಎರಡು ರನ್‌ವೇಗಳ ತುದಿಗಳು ಅಕ್ಕಪಕ್ಕದಲ್ಲಿದ್ದ ಜಾಗ. ಆದ್ದರಿಂದ ಮೇಲಿನ ನನ್ನ ಮಾತಿಗೆ ಒಂದು ಮಿತಿ ಹಾಕಿಕೊಳ್ಳುತ್ತೇನೆ: ಒಂದೇ ರನ್‌ವೇ ಇರುವ ಕಡೆ ತುದಿ ಗುರುತು ತಪ್ಪದ ಜಾಗ, ಹಲವು ರನ್‌ವೇಗಳು ಹೆಣೆದುಕೊಂಡಿರುವ ಕಡೆ ತುದಿಗೂ ಗುರುತು ಬೇಕು, ಅಲ್ಲಿ ದಿಕ್ಸೂಚಿಯ ಅಂಕಿಯನ್ನು ರನ್‌ವೇಯ ಸಂಖ್ಯೆಯೊಂದಿಗೆ ಹೋಲಿಸಿ ನೋಡುವುದೊಂದೇ ಭರವಸೆ.

ಒಂದೇ ಎಂಜಿನ್‌ನ ಪುಟ್ಟ ವಿಮಾನಗಳ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅವುಗಳಿಗೆ ವಿ-ಒನ್ ಇಲ್ಲ, ಎರಡನೆಯ ಎಂಜಿನ್ ಇಲ್ಲ. 200 ಅಡಿ ಎತ್ತರದಲ್ಲಿ ಎಂಜಿನ್ ನಿಂತರೆ ಮೂಗು ತಗ್ಗಿಸಿ ನೇರ ಮುಂದೆ ಇಳಿಯಬೇಕು. ಮುಂದೆ ರನ್‌ವೇ ಉಳಿದಿದ್ದರೆ ಅದರ ಮೇಲೆ, ಇಲ್ಲದಿದ್ದರೆ ಅದರಾಚೆ ಏನಿದೆಯೋ ಅದರ ಮೇಲೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನದ ತೆಳುಗಾಳಿಗೆ ಅಂತಹ ವಿಮಾನದ ಓಟವೂ ಉದ್ದವಾಗುತ್ತದೆ, ಏರಿಕೆಯೂ ಸೋಮಾರಿಯಾಗುತ್ತದೆ. ಅಲ್ಲಿ ಇಂತಹ ಪುಟ್ಟ ವಿಮಾನಗಳು ಬಳಸುವ ರನ್‌ವೇಯ ಆಚೆ ಗದ್ದೆಗಳಿದ್ದ ಕಾಲ ಹೋಗಿ, ಈಗ ಮನೆಗಳಿವೆ. ಅಲ್ಲಿ ನಡುವಿನಿಂದ ಹೊರಡುವವನಿಗೆ ಉಳಿಯುವುದು ಒಂದು ನಿಮಿಷ, ಹೋಗುವುದು ಇಳಿಯಬಹುದಾಗಿದ್ದ ಅರ್ಧ ರನ್‌ವೇ.

ಮತ್ತೆ ಸೇಂಟ್ ಕಿಟ್ಸ್‌ಗೆ. ಆ ಪೈಲಟ್‌ಗಳ ಜಾಗದಲ್ಲಿ ಯಾವ ಕ್ರಮ ಒಳ್ಳೆಯದಿತ್ತು? ಕೆಲವು ಅನುಭವಿ ಪೈಲಟ್‌ಗಳು ಅನುಸರಿಸುವ ಒಂದು ರೂಢಿ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ: ಲೆಕ್ಕವನ್ನು ಸಂಧಿಗೆ ಹಾಕುವುದು, ಹೊರಡುವುದು ತುದಿಯಿಂದ. ಆಲ್ಫಾದ 1,915 ಮೀಟರ್‌ಗೆ ಶಕ್ತಿಯನ್ನೂ ವೇಗಗಳನ್ನೂ ಲೆಕ್ಕ ಹಾಕಿ, 2,300 ಮೀಟರ್ ಮುಂದಿಟ್ಟುಕೊಂಡು ಓಡಿದರೆ, ಆ 400 ಮೀಟರ್ ನಿಜವಾದ ಮಿಗತೆಯಾಗಿ ಉಳಿಯುತ್ತದೆ, ಎಂಜಿನ್ ಶಕ್ತಿ ತಗ್ಗಿಸುವುದರಲ್ಲಿ ಕರಗುವುದಿಲ್ಲ. ಜೊತೆಗೆ ಯಾವ ಸಂಧಿ ಎಂಬ ಪ್ರಶ್ನೆಯೇ ಕಳಚಿ ಬೀಳುತ್ತದೆ. ಪರಿಚಯವಿಲ್ಲದ ನಿಲ್ದಾಣ, ಫಲಕವಿಲ್ಲದ ದಾರಿ, ಒಂದೇ ರನ್‌ವೇ, ಅದೂ ಉದಾರವಲ್ಲದ ಉದ್ದ, ಹಿಂದೆ ಕಾಯುವ ಸಾಲು ಇಲ್ಲ, ಟವರ್ ತಾನಾಗಿ ಬ್ಯಾಕ್‌ಟ್ರ್ಯಾಕ್ ನೀಡುತ್ತಿದೆ: ಇಷ್ಟೂ ಒಟ್ಟಿಗೆ ಕೂಡಿದಾಗ ಬೇಡ ಎನ್ನಲು ಕಾರಣವೇ ಇರುವುದಿಲ್ಲ ಎಂಬುದು ನನ್ನ ತೀರ್ಮಾನ. ಇದನ್ನೇ ಮುಂದೆಳೆದು ಎಲ್ಲ ವಿಮಾನಗಳೂ ಎಲ್ಲ ಕಡೆಯೂ ತುದಿಯಿಂದಲೇ ಹೊರಡಲಿ ಎಂದು ನಿಯಮ ಮಾಡಿದರೆ, ದಟ್ಟಣೆಯ ನಿಲ್ದಾಣಗಳಲ್ಲಿ ಲಾಭಕ್ಕಿಂತ ಗೋಜೇ ಹೆಚ್ಚು.

ಟವರ್‌ನ ಕಡೆಗೂ ಒಂದು ಮಾತು ಉಳಿದಿದೆ. ಟೇಕಾಫ್ ಅನುಮತಿ ಕೊಡುವಾಗ ಸಂಧಿಯ ಹೆಸರಿನ ಜೊತೆಗೆ ಅಲ್ಲಿಂದ ಉಳಿದಿರುವ ಉದ್ದವನ್ನು ಮೀಟರ್‌ಗಳಲ್ಲಿ ಹೇಳಿದರೆ, ಅಕ್ಷರದ ಗೊಂದಲ ಸಂಖ್ಯೆಯಲ್ಲಿ ಬಯಲಾಗುತ್ತದೆ. 1,915 ಎಂದು ಲೆಕ್ಕ ಹಾಕಿದವರ ಕಿವಿಗೆ 1,220 ಎಂದು ಬಿದ್ದರೆ ಕೈ ಎಂಜಿನ್ ಶಕ್ತಿ ಏರಿಸುವ ಥ್ರಸ್ಟ್ ಲಿವರ್ ಮೇಲಿಂದ ತಾನಾಗಿಯೇ ಹಿಂದೆ ಸರಿಯುತ್ತದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದೇ ಕೆಲಸಕ್ಕೆ ಒಂದು ಫಲಕವೂ ಇದೆ: ಸಂಧಿಯ ಬಳಿ ಉಳಿದ ಉದ್ದದ ಅಂಕಿ, ಪಕ್ಕದಲ್ಲಿ ದಿಕ್ಕಿನ ಬಾಣ. ವಿಮಾನದ ಒಳಗೂ ಈಗ ಹನಿವೆಲ್ ಕಂಪನಿಯ ರಾಸ್‌ನಂತಹ ವ್ಯವಸ್ಥೆಗಳಿವೆ. ಉಪಗ್ರಹದ ಸ್ಥಾನಮಾಹಿತಿ ಮತ್ತು ನಿಲ್ದಾಣಗಳ ದತ್ತಾಂಶವನ್ನು ಹೋಲಿಸಿ, ವಿಮಾನ ಓಟದ ದಿಕ್ಕಿಗೆ ಮುಖಮಾಡಿ ನಿಂತಾಗ ಯಾವ ರನ್‌ವೇ ಎಂದೂ, ಉದ್ದ ಕಡಿಮೆಯಿದ್ದರೆ ಎಷ್ಟು ಉಳಿದಿದೆ ಎಂದೂ ಅದು ಗಟ್ಟಿಯಾಗಿ ಹೇಳುತ್ತದೆ. ಆದರೆ ಎಷ್ಟಕ್ಕಿಂತ ಕಡಿಮೆಯಿದ್ದರೆ ಮಾತಾಡಬೇಕು ಎಂಬ ಮಿತಿಯನ್ನು ವಿಮಾನ ಸಂಸ್ಥೆಯೇ ನಿಗದಿ ಮಾಡಬೇಕು. ಮಿತಿಯನ್ನು 2,000 ಮೀಟರ್‌ಗೆ ಇಟ್ಟರೆ ಸೇಂಟ್ ಕಿಟ್ಸ್‌ನಲ್ಲಿ ಆಲ್ಫಾದಲ್ಲೂ ಅದು ಕೂಗುತ್ತದೆ, ಬ್ರಾವೋದಲ್ಲೂ ಕೂಗುತ್ತದೆ; ಆಗ ಪೈಲಟ್ ಕೇಳಿಸಿಕೊಳ್ಳಬೇಕಾದದ್ದು ಕೂಗನ್ನಲ್ಲ, ಅದು ಹೇಳುವ ಸಂಖ್ಯೆಯನ್ನು. ಮಯಾಮಿಯಲ್ಲಿ ಉಳಿದಿದ್ದ 8,500 ಅಡಿಗೆ ಅದೇ ಮಿತಿ ಬಾಯಿಯನ್ನೇ ಬಿಡುವುದಿಲ್ಲ.